ವೈನರಿ ಅಂಗಳವೋ, ಕ್ಯಾಂಪ್‌ಗ್ರೌಂಡೋ? ಆರ್‌ವಿಯಲ್ಲಿ ರಾತ್ರಿ ಕಳೆಯಲು ಯಾವುದು ವಾಸಿ

ಕ್ಯಾಲಿಫೋರ್ನಿಯಾದಲ್ಲಿ ಆರ್‌ವಿ (ಒಳಗೇ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಇರುವ ಗಾಡಿ) ಬಾಡಿಗೆಗೆ ಹಿಡಿದವರಿಗೆ ಹಗಲಿನ ಚಿಂತೆ ಇರುವುದಿಲ್ಲ. ರಾತ್ರಿ ಆ ದೊಡ್ಡ ಗಾಡಿಯನ್ನು ಎಲ್ಲಿ ನಿಲ್ಲಿಸುವುದು ಅನ್ನುವುದೇ ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ದ್ರಾಕ್ಷಿತೋಟಗಳಿರುವ ಲೋಡೈ, ಅಮಡೋರ್ ಕೌಂಟಿ ಕಡೆಗೆ ಹೋದಾಗ ನಾವು ಮೂರು ಬಗೆಯ ಜಾಗದಲ್ಲಿ ಮಲಗಿ ನೋಡಿದ್ದೇವೆ: ವೈನರಿಯ (ವೈನ್ ಮಾಡಿ ಮಾರುವ ತೋಟದ) ಅಂಗಳ, ಸ್ಟೇಟ್ ಪಾರ್ಕಿನ ಕ್ಯಾಂಪ್‌ಗ್ರೌಂಡ್, ಖಾಸಗಿ ಆರ್‌ವಿ ಪಾರ್ಕ್. ಗಾಡಿ 25 ಅಡಿಯ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ ಆರ್‌ವಿ. ಒಳಗೆ ನಾನು, ಗಂಡ, ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿದ್ದ ಅತ್ತೆ. ಅತ್ತೆ ವೈನ್ ಮುಟ್ಟುವವರಲ್ಲ. ಈ ಹೋಲಿಕೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ವೈನ್‌ಗೆ ಹೆಸರಾದ ನಾಪಾ ಕಣಿವೆ ಬಿಟ್ಟು ಇಲ್ಲಿಗೇಕೆ ಅಂದರೆ, ನಾಪಾದಲ್ಲಿ ಒಬ್ಬರ ಟೇಸ್ಟಿಂಗ್‌ಗೇ (ವೈನ್ ರುಚಿ ನೋಡುವುದಕ್ಕೇ) 50 ಡಾಲರ್ ದಾಟುವುದು ಮಾಮೂಲು. ಅಮಡೋರ್‌ನ ಶೆನಂಡೋವಾ ಕಣಿವೆಯಲ್ಲಿ ಅದಕ್ಕಿಂತ ತುಂಬಾ ಅಗ್ಗ, ಜನವೂ ಕಡಿಮೆ. ಚಿನ್ನ ಹುಡುಕಿಕೊಂಡು 1849ರಿಂದ ಮುಗಿಬಿದ್ದ ಜನರ ಹಿಂದೆಯೇ ದ್ರಾಕ್ಷಿಯೂ ಈ ಬೆಟ್ಟಗಳಿಗೆ ಬಂತು. ಇಲ್ಲಿನ ಜಿನ್‌ಫಂಡೆಲ್ ಅನ್ನುವ ಕಪ್ಪು ದ್ರಾಕ್ಷಿಯ ಬಳ್ಳಿಗಳಲ್ಲಿ ಕೆಲವು ನೂರು ವರ್ಷ ದಾಟಿದವು. ತಂತಿ ಚಪ್ಪರ ಇಲ್ಲದೆ, ಮೊಣಕಾಲೆತ್ತರದ ದಪ್ಪ ಬೊಡ್ಡೆಗಳ ಹಾಗೆ ನಿಂತಿರುತ್ತವೆ.

ವೈನರಿಯಲ್ಲಿ ತಂಗಲು ಹಾರ್ವೆಸ್ಟ್ ಹೋಸ್ಟ್ಸ್ ಅಂತ ಒಂದು ಸದಸ್ಯತ್ವ ಇದೆ, 2009ರಲ್ಲಿ ಶುರುವಾದದ್ದು. ಫ್ರಾನ್ಸಿನಲ್ಲಿ ಇಂಥದ್ದೇ ಏರ್ಪಾಡು ಅದಕ್ಕೂ ಮೊದಲೇ ಇತ್ತು. ವರ್ಷಕ್ಕೆ ಸುಮಾರು 100 ಡಾಲರ್ ಕಟ್ಟಿದರೆ ವೈನರಿ, ತೋಟಗಳಲ್ಲಿ ಒಂದು ರಾತ್ರಿ ಗಾಡಿ ನಿಲ್ಲಿಸಬಹುದು, ಬಾಡಿಗೆ ಇಲ್ಲ. ಟೆಂಟ್ ಹಾಕುವ ಹಾಗಿಲ್ಲ. ಟಾಯ್ಲೆಟ್, ನೀರಿನ ಟ್ಯಾಂಕ್, ಅಡುಗೆ ಎಲ್ಲ ಗಾಡಿಯೊಳಗೇ ಇರಬೇಕು. ಬದಲಿಗೆ ಅಲ್ಲೇ ಏನಾದರೂ ಕೊಳ್ಳಿ ಅನ್ನುತ್ತಾರೆ. ಎರಡು ಬಾಟಲಿ ಕೊಂಡರೆ ಕ್ಯಾಂಪ್‌ಗ್ರೌಂಡಿನ ಬಾಡಿಗೆಯನ್ನೂ ಮೀರುತ್ತದೆ! ಹಾಗಾಗಿ ದುಡ್ಡು ಉಳಿಸಲು ಇದನ್ನು ಹಿಡಿಯಬೇಡಿ. ಕುಡಿದ ಮೇಲೆ ಸ್ಟೀರಿಂಗ್ ಮುಟ್ಟಬೇಕಿಲ್ಲ ಅನ್ನುವುದಕ್ಕೆ ಹಿಡಿಯಿರಿ. ಎಲ್ಲ ಟೇಸ್ಟಿಂಗ್ ಪ್ರವಾಸದಲ್ಲೂ ಒಬ್ಬರು ಬಾಯಿ ಕಟ್ಟಿಕೊಂಡು ಕೂರಬೇಕು, ಅಲ್ವಾ? ಇಲ್ಲಿ ಗಂಡನೂ ನಾನೂ ಇಬ್ಬರೂ ನೆಮ್ಮದಿಯಾಗಿ ರುಚಿ ನೋಡಿದೆವು. ನೂರು ಹೆಜ್ಜೆ ನಡೆದರೆ ಹಾಸಿಗೆ.

ಟೇಸ್ಟಿಂಗ್ ರೂಮ್ ಸಾಮಾನ್ಯವಾಗಿ ಸಂಜೆ ನಾಲ್ಕು ಅಥವಾ ಐದಕ್ಕೆ ಮುಚ್ಚುತ್ತದೆ. ಆಮೇಲೆ ಇಡೀ ತೋಟ ನಮ್ಮದೇ. ಹತ್ತಿರದ ವೈನರಿಗಳ ದೀಪವೂ ಆರಿದ ಮೇಲೆ ಕಾಣುವ ನಕ್ಷತ್ರಗಳು ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ನನಗೆ ಸಿಕ್ಕಿಲ್ಲ. ಆದರೆ ಮಕ್ಕಳಿಗೆ? ಸಾಲುಗಳ ನಡುವೆ ಓಡಬೇಡ, ಬಳ್ಳಿ ಮುಟ್ಟಬೇಡ, ಗಲಾಟೆ ಮಾಡಬೇಡ. ಬೆಂಕಿ ಹಾಕುವ ಹಾಗಿಲ್ಲ. ಗಾಡಿ ಪಕ್ಕದ ನೆರಳಿನ ಬಟ್ಟೆ ಬಿಚ್ಚಿ ಕುರ್ಚಿ ಹಾಕಲೂ ಕೇಳಬೇಕು. ಜಾಗ ಇಳಿಜಾರಾಗಿದ್ದರೆ ಚಕ್ರದ ಕೆಳಗೆ ಹಲಗೆ ಕೊಟ್ಟು ಸಮ ಮಾಡಲೇಬೇಕು, ಇಲ್ಲದಿದ್ದರೆ ಗ್ಯಾಸಿನಲ್ಲಿ ಓಡುವ ಫ್ರಿಜ್ ಸರಿಯಾಗಿ ತಂಪು ಮಾಡುವುದಿಲ್ಲ. ಕರೆಂಟ್ ಇಲ್ಲ. ಬ್ಯಾಟರಿಯಲ್ಲಿ ದೀಪ, ನೀರಿನ ಪಂಪ್ ನಡೆಯುತ್ತವೆ. ಎಸಿ, ಮಿಕ್ಸಿ ನಡೆಯುವುದಿಲ್ಲ. ಜನರೇಟರ್ ಹಾಕಬಹುದು, ಆದರೆ ತೋಟದ ಮನೆಯವರ ಮಲಗುವ ಕೋಣೆ ಪಕ್ಕದಲ್ಲೇ ಇರುವಾಗ ಮನಸ್ಸು ಬರುವುದಿಲ್ಲ. ಜುಲೈನಲ್ಲಿ ಹಗಲು 38 ಡಿಗ್ರಿ ತಲುಪುವ ಊರು ಇದು.

ಸ್ಟೇಟ್ ಪಾರ್ಕಿನಲ್ಲೂ ಹೆಚ್ಚಿನ ಕಡೆ ಕರೆಂಟ್ ಇಲ್ಲ. ಜನರೇಟರ್ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಆದರೂ ನಮ್ಮ ಮನೆಯವರ ಓಟು ಅದಕ್ಕೇ ಬಿತ್ತು. ಕಾರಣ ಪೈನ್ ಗ್ರೋವ್ ಹತ್ತಿರದ ಇಂಡಿಯನ್ ಗ್ರೈಂಡಿಂಗ್ ರಾಕ್ ಪಾರ್ಕ್. ಅಲ್ಲಿ ನೆಲಮಟ್ಟದಲ್ಲಿ ಹರಡಿದ ಒಂದು ದೊಡ್ಡ ಹಾಸುಬಂಡೆ ಇದೆ. ಅದರ ಮೇಲೆ 1,185 ಗುಳಿಗಳು. ಇಲ್ಲಿನ ಮೂಲನಿವಾಸಿಗಳಾದ ಮಿವಾಕ್ ಜನರು ತಲೆತಲಾಂತರದಿಂದ ಓಕ್ ಮರದ ಕಾಯಿ ಕುಟ್ಟಿ ಕುಟ್ಟಿ ಆದ ಗುಳಿಗಳು. ಕುಟ್ಟಿದ ಹಿಟ್ಟಿಗೆ ಮತ್ತೆ ಮತ್ತೆ ನೀರು ಹೊಯ್ದು ಕಹಿ ತೆಗೆದು ಆಮೇಲೆ ಬೇಯಿಸುತ್ತಿದ್ದರು. ಬಂಡೆ ಮೇಲೆ ಹತ್ತುವಂತಿಲ್ಲ, ಪಕ್ಕದಿಂದಲೇ ನೋಡಬೇಕು. ಅತ್ತೆ ಒಂದೇ ನೋಟಕ್ಕೆ, "ಇದು ನೆಲದ ಒರಳೇ ಕಣಮ್ಮ, ನಮ್ಮಜ್ಜಿ ಮನೆ ಪಡಸಾಲೆಯಲ್ಲಿ ಇತ್ತಲ್ಲ" ಅಂದರು. ವೈನರಿಯಲ್ಲಿ ಸುಮ್ನೆ ಕೂತಿದ್ದವರು ಇಲ್ಲಿ ಮೊಮ್ಮಕ್ಕಳಿಗೆ ಒನಕೆ ಹಿಡಿಯುವುದು ಹೇಗೆ ಅಂತ ತೋರಿಸುತ್ತಾ ನಿಂತರು.

ಇನ್ನೊಂದು ಕಾರಣ ಅಡುಗೆ. ಆರ್‌ವಿ ಒಳಗೆ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕಿರುಚುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಮರದ ಮೇಜಿದೆ, ಹೊರಗೆ ಒಲೆ ಇಟ್ಟು ಚಿತ್ರಾನ್ನ ಮಾಡಿದರೆ ಯಾರೂ ಕೇಳುವುದಿಲ್ಲ. ವೈನರಿಯಲ್ಲಿ ಪುಳಿಯೋಗರೆ ಗೊಜ್ಜು, ಮೊಸರನ್ನಕ್ಕೇ ನಿಲ್ಲಬೇಕು. ಸ್ಟೇಟ್ ಪಾರ್ಕಿನ ಬಾಡಿಗೆ ರಾತ್ರಿಗೆ 30-35 ಡಾಲರ್ ಸುತ್ತಮುತ್ತ. ತೊಂದರೆ ಅಂದರೆ ಬುಕಿಂಗ್. ಆರು ತಿಂಗಳ ಮೊದಲೇ ತೆರೆಯುತ್ತದೆ. ವಾರಾಂತ್ಯದ ಜಾಗ ಬೇಗ ಹೋಗಿಬಿಡುತ್ತದೆ. ಸೈಟ್ ಎಷ್ಟು ಅಡಿ ಗಾಡಿಗೆ ಅಂತ ನೋಡಿಕೊಳ್ಳಿ, ಇಂಥ ಹಳೇ ಪಾರ್ಕುಗಳಲ್ಲಿ 30 ಅಡಿಯ ಗಾಡಿ ತಿರುಗಿಸುವುದು ಕಷ್ಟ.

ಖಾಸಗಿ ಆರ್‌ವಿ ಪಾರ್ಕಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸ್ಟೇಟ್ ಪಾರ್ಕಿನ ಎರಡು ಪಟ್ಟು ಬಾಡಿಗೆ, ಪಕ್ಕದ ಗಾಡಿಯ ಟಿವಿ ನಮ್ಮ ಕಿವಿಗೆ. ಆದರೆ ಕರೆಂಟ್, ನೀರು, ಕೊಳಚೆ ಪೈಪು ಮೂರೂ ಗಾಡಿ ಪಕ್ಕದಲ್ಲೇ. ಐದು ಜನ ಇದ್ದರೆ ಟಾಯ್ಲೆಟ್ ಟ್ಯಾಂಕ್ ಬೇಗ ತುಂಬುತ್ತದೆ. ವೈನರಿಯಲ್ಲಿ ಅದನ್ನು ಖಾಲಿ ಮಾಡುವ ಮಾತೇ ಇಲ್ಲ, ಎಲ್ಲ ಸ್ಟೇಟ್ ಪಾರ್ಕಿನಲ್ಲೂ ಆ ವ್ಯವಸ್ಥೆ ಇರುವುದಿಲ್ಲ. ಹಾಗಾಗಿ ನಡುವೆ ಒಂದು ರಾತ್ರಿ ಇಲ್ಲಿ ನಿಲ್ಲುವುದು, ಸ್ನಾನ, ಬಟ್ಟೆ, ದೋಸೆಹಿಟ್ಟು ಎಲ್ಲ ಮುಗಿಸಿಕೊಳ್ಳುವುದು.

ಗಂಡ ಹೆಂಡತಿ ಇಬ್ಬರೇ ಆದರೆ ನಾನು ಕಣ್ಣು ಮುಚ್ಚಿ ವೈನರಿ ಅನ್ನುತ್ತೇನೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಒಂದು ಸಂಜೆ ಮಾತ್ರ ವೈನರಿಗೆ ಕೊಟ್ಟು ಉಳಿದದ್ದು ಸ್ಟೇಟ್ ಪಾರ್ಕಿಗೆ. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಹೋಗುವುದಾದರೆ, ಆ ರಾತ್ರಿ ಕೊಯ್ಲು ಇದೆಯಾ ಅಂತ ವೈನರಿಗೆ ಮೊದಲೇ ಫೋನ್ ಮಾಡಿ ಕೇಳಿ. ದ್ರಾಕ್ಷಿ ತಂಪಾಗಿರಲಿ ಅಂತ ಎಷ್ಟೋ ಕಡೆ ರಾತ್ರಿಯೇ ಕೊಯ್ಯುತ್ತಾರೆ. ನಸುಕಿನ ಎರಡು ಗಂಟೆಗೆ ದೊಡ್ಡ ದೀಪ ಹಾಕಿಕೊಂಡ ಟ್ರಾಕ್ಟರ್ ಕಿಟಕಿ ಪಕ್ಕ ಬರುತ್ತದೆ. ನನಗೆ ಅದು ಎದ್ದು ಕೂತು ನೋಡುವಂಥದ್ದು, ಅತ್ತೆಗೆ ನಿದ್ದೆ ಕೆಟ್ಟ ಸಿಟ್ಟು.