ಜಿಮ್ಯಾಟ್ ಗೈಡ್‌ಗಳು: ತಪ್ಪು ಆಪ್ಷನ್‌ನ ವಿವರಣೆ ಓದಿ, ಆಮೇಲೆ ಕೊಳ್ಳಿ

ಬಿಸಿನೆಸ್ ಸ್ಕೂಲ್ ಸೇರಲು ಜಿಮ್ಯಾಟ್ ಬರೆಯುವ ಯೋಚನೆ ಬಂದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವ ಪುಸ್ತಕ ತಗೊಳ್ಳಲಿ?" ನಾನು ಈ ಪರೀಕ್ಷೆಯ ಹಳೆ ರೂಪಕ್ಕೂ ಓದಿದ್ದೇನೆ, ಹೊಸ ರೂಪಕ್ಕೂ ಓದಿದ್ದೇನೆ. ಆಮೇಲೆ ತಂಗಿಯ ತಯಾರಿಗೆಂದು ಅವೇ ಪುಸ್ತಕಗಳನ್ನು ಮತ್ತೆ ತೆಗೆದು ಅವಳ ಜೊತೆ ಕೂತಿದ್ದೇನೆ. ಪರೀಕ್ಷೆ ನಡೆಸುವವರೇ ತರುವ ಅಧಿಕೃತ ಗೈಡ್, ಎಲ್ಲವನ್ನೂ ಒಂದರಲ್ಲೇ ತುಂಬಿದ ದಪ್ಪ ಪುಸ್ತಕ, ವಿಷಯವಾರು ತೆಳ್ಳನೆ ಪುಸ್ತಕಗಳ ಸೆಟ್, ಬರೀ ಪ್ರಶ್ನೆಗಳ ಸಂಗ್ರಹ, ಈ ನಾಲ್ಕೂ ಬಗೆಯವು ನನ್ನ ಕೈಯಲ್ಲಿ ಸವೆದಿವೆ. ಇಷ್ಟು ಬಳಸಿದ ಮೇಲೆ ಯಾವ ಗೈಡ್ ಸಿಕ್ಕರೂ ನಾನು ಮೊದಲು ನೋಡುವುದು ಒಂದನ್ನೇ: ತಪ್ಪು ಆಪ್ಷನ್ ಏಕೆ ತಪ್ಪು ಎಂದು ಅದು ಹೇಗೆ ಹೇಳುತ್ತದೆ. ಪ್ರಶ್ನೆಗಳ ಸಂಖ್ಯೆ, ಪುಟಗಳ ಸಂಖ್ಯೆ, ಮುಖಪುಟದ ಭರವಸೆ, ಇವೆಲ್ಲ ಅದರ ನಂತರ.

ಅದಕ್ಕೂ ಮುಂಚೆ ಒಂದು ತಪಾಸಣೆ ಮಾಡಲೇಬೇಕು. ಪುಸ್ತಕ ಈಗಿನ ಪರೀಕ್ಷೆಯದೋ, ಹಿಂದಿನದೋ? ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆ 2023ರ ನವೆಂಬರ್‌ನಲ್ಲಿ ಫೋಕಸ್ ಎಡಿಷನ್ ಎಂಬ ಹೊಸ ರೂಪ ತಂದಿತು. ಹಳೆಯದು 2024ರ ಜನವರಿಗೆ ಮುಗಿಯಿತು. ಈಗ ಜಿಮ್ಯಾಟ್ ಎಂದರೆ ಈ ಹೊಸದೇ: ಕ್ವಾಂಟ್ (ಗಣಿತ) 21 ಪ್ರಶ್ನೆ, ವರ್ಬಲ್ (ಇಂಗ್ಲಿಷ್ ಓದು ಮತ್ತು ತರ್ಕ) 23, ಡೇಟಾ ಇನ್‌ಸೈಟ್ಸ್ (ಕೋಷ್ಟಕ, ನಕ್ಷೆಗಳ ಮಾಹಿತಿ ಬಿಡಿಸುವುದು) 20, ಪ್ರತಿ ವಿಭಾಗಕ್ಕೂ 45 ನಿಮಿಷ. ಪ್ರಬಂಧ ಬರೆಯುವುದು ಹೋಯಿತು. ವಾಕ್ಯ ತಿದ್ದುವ ಸೆಂಟೆನ್ಸ್ ಕರೆಕ್ಷನ್ ಹೋಯಿತು. ತ್ರಿಕೋನ, ವೃತ್ತಗಳ ರೇಖಾಗಣಿತ ಹೋಯಿತು. ಕೊಟ್ಟ ಹೇಳಿಕೆಗಳು ಉತ್ತರಿಸಲು ಸಾಕೇ ಎಂದು ಕೇಳುವ ಡೇಟಾ ಸಫಿಷಿಯೆನ್ಸಿ ಕ್ವಾಂಟ್‌ನಿಂದ ಎದ್ದು ಡೇಟಾ ಇನ್‌ಸೈಟ್ಸ್‌ಗೆ ಬಂತು. ಆದ್ದರಿಂದ ಪುಸ್ತಕದ ಪರಿವಿಡಿಯಲ್ಲಿ ಸೆಂಟೆನ್ಸ್ ಕರೆಕ್ಷನ್ ಎಂಬ ಅಧ್ಯಾಯ ಕಂಡರೆ ಅದು ಹಳೆಯದು, ಮುಖಪುಟದಲ್ಲಿ ಯಾವ ವರ್ಷ ಬರೆದಿದ್ದರೂ ಸರಿ. ಇನ್ನೊಂದು ಗುರುತು ಅಂಕಗಳದು. ಹೊಸ ಪರೀಕ್ಷೆಯ ಒಟ್ಟು ಅಂಕ 205ರಿಂದ 805ರವರೆಗೆ, ಪ್ರತಿಯೊಂದೂ 5ರಲ್ಲೇ ಮುಗಿಯುತ್ತದೆ. ಅಂದರೆ 700 ಎಂಬ ಅಂಕವೇ ಈಗ ಯಾರಿಗೂ ಬರುವುದಿಲ್ಲ; ಹಳೆಯ 700ಕ್ಕೆ ಹೊಸದರಲ್ಲಿ ಸರಿದೂಗುವುದು 645ರ ಆಸುಪಾಸು. "700 ದಾಟಿಸುತ್ತೇವೆ" ಎಂದು ಇನ್ನೂ ಮಾತು ಕೊಡುತ್ತಿರುವ ಪುಸ್ತಕವನ್ನು ಅಲ್ಲೇ ಇಟ್ಟು ಬನ್ನಿ.

ಹಾಗೆಂದು ಅಣ್ಣನೋ ಗೆಳೆಯನೋ ಕೊಟ್ಟ ಹಳೆ ಅಧಿಕೃತ ಗೈಡನ್ನು ರದ್ದಿಗೆ ಹಾಕಬೇಡಿ. ಅದರಲ್ಲಿನ ರೀಡಿಂಗ್ ಕಾಂಪ್ರಹೆನ್ಷನ್, ಕ್ರಿಟಿಕಲ್ ರೀಸನಿಂಗ್, ಅಂಕಗಣಿತ, ಬೀಜಗಣಿತ ಈಗಲೂ ಪೂರ್ತಿ ಉಪಯೋಗಕ್ಕೆ ಬರುತ್ತವೆ. ಡೇಟಾ ಸಫಿಷಿಯೆನ್ಸಿಯೂ ರೇಖಾಗಣಿತದ ಪ್ರಶ್ನೆ ಬಿಟ್ಟರೆ ಹಾಗೇ ಉಳಿದಿದೆ. ತಂಗಿ ಅಭ್ಯಾಸ ಶುರುಮಾಡಿದ್ದು ನನ್ನ ಹಳೆ ಪ್ರತಿಯಿಂದಲೇ. ಬೇಡದ ಅಧ್ಯಾಯಗಳ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚಿಬಿಟ್ಟಿದ್ದೆವು.

ಈಗ ತಪ್ಪು ಆಪ್ಷನ್‌ಗಳ ವಿಷಯಕ್ಕೆ ಬರೋಣ. ಡೇಟಾ ಸಫಿಷಿಯೆನ್ಸಿಯ ಒಂದು ಪ್ರಶ್ನೆ ನಾನೇ ಕಟ್ಟಿ ಹೇಳುತ್ತೇನೆ. ಒಂದು ಧನ ಪೂರ್ಣಾಂಕ ಇದೆ. ಅದು 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ? ಮೊದಲ ಹೇಳಿಕೆ: ಆ ಸಂಖ್ಯೆ 3ರಿಂದ ಭಾಗವಾಗುತ್ತದೆ. ಎರಡನೇ ಹೇಳಿಕೆ: ಆ ಸಂಖ್ಯೆಯ ವರ್ಗ 12ರಿಂದ ಭಾಗವಾಗುತ್ತದೆ. ಉತ್ತರಿಸಲು ಯಾವ ಹೇಳಿಕೆ ಸಾಕು? ಮೊದಲನೆಯದು ಸಾಲದು ಎಂಬುದು ಬೇಗ ಹೊಳೆಯುತ್ತದೆ, 3 ಇರಬಹುದು, 6 ಇರಬಹುದು. ಎರಡನೆಯದರಲ್ಲಿ ಬಹಳ ಜನ ಎಡವುತ್ತಾರೆ. "ವರ್ಗ ಸಮಸಂಖ್ಯೆ, ಹಾಗಾದರೆ ಸಂಖ್ಯೆಯೂ ಸಮ, ಇಲ್ಲಿಂದ 2 ಸಿಕ್ಕಿತು, 3 ಮೊದಲ ಹೇಳಿಕೆಯಿಂದ ಬಂತು, ಎರಡೂ ಸೇರಿದರೆ 6" ಎಂದು ಲೆಕ್ಕ ಹಾಕಿ, ಎರಡೂ ಒಟ್ಟಿಗೆ ಬೇಕು ಎನ್ನುವ ಆಪ್ಷನ್ ಒತ್ತುತ್ತಾರೆ. ಸರಿಯುತ್ತರ, ಎರಡನೇ ಹೇಳಿಕೆ ಒಂದೇ ಸಾಕು. 12ರ ಒಳಗೆ 3 ಇದೆ. 3 ಅವಿಭಾಜ್ಯ ಸಂಖ್ಯೆಯಾದ್ದರಿಂದ ವರ್ಗದಲ್ಲಿ ಅದು ಇರಬೇಕಾದರೆ ಮೂಲ ಸಂಖ್ಯೆಯಲ್ಲೂ ಇರಲೇಬೇಕು.

ಈ ಒಂದು ಪ್ರಶ್ನೆಗೆ ಮೂರು ಗೈಡ್‌ಗಳು ಮೂರು ಥರ ವಿವರಣೆ ಕೊಡಬಹುದು. ಮೊದಲನೆಯದು, "ಸಂಖ್ಯೆ 6 ಎಂದುಕೊಳ್ಳಿ, ವರ್ಗ 36, 12ರಿಂದ ಭಾಗವಾಗುತ್ತದೆ, ಆದ್ದರಿಂದ ಸಾಕು" ಎಂದು ಮುಗಿಸುತ್ತದೆ. ಇದು ವಿವರಣೆಯೇ ಅಲ್ಲ, ಒಂದು ಉದಾಹರಣೆ ಸರಿಹೊಂದಿತು ಅಷ್ಟೇ. ಎರಡನೆಯದು ಅವಿಭಾಜ್ಯ ಅಪವರ್ತನ ಬರೆದು ಸರಿಯಾಗಿ ತೋರಿಸುತ್ತದೆ. ಮೂರನೆಯದು ಅದನ್ನೂ ತೋರಿಸಿ, ನೀವು ಎರಡೂ ಬೇಕು ಎಂದು ಏಕೆ ಅಂದುಕೊಂಡಿರಿ, ಮೊದಲ ಹೇಳಿಕೆ ನಿಮ್ಮ ತಲೆಯಲ್ಲಿ ಕೂತು ಎರಡನೆಯದನ್ನು ಅರ್ಧಕ್ಕೇ ಓದಿಸಿತು ಎಂಬುದನ್ನು ಹೇಳುತ್ತದೆ. ಈ ಮೂರನೇ ಬಗೆಯ ಪುಸ್ತಕ ಅಪರೂಪ. ಸಿಕ್ಕರೆ ತೆಳ್ಳಗಿದ್ದರೂ ಬಿಡಬೇಡಿ. ಪರೀಕ್ಷೆಯಲ್ಲಿ ಪ್ರಶ್ನೆ ಬದಲಾಗುತ್ತದೆ, ಎಡವುವ ಜಾಗ ಬದಲಾಗುವುದಿಲ್ಲ.

ವರ್ಬಲ್‌ನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಒಂದು ಕಂಪನಿ ಗ್ರಾಹಕರ ದೂರುಗಳನ್ನು ಫೋನ್ ಬದಲು ಆ್ಯಪ್‌ನಲ್ಲಿ ಪಡೆಯಲು ಶುರುಮಾಡಿತು, ದೂರುಗಳು ಅರ್ಧಕ್ಕೆ ಇಳಿದವು, ಆದ್ದರಿಂದ ಸೇವೆ ಸುಧಾರಿಸಿದೆ ಎಂಬುದು ವಾದ ಎಂದಿಟ್ಟುಕೊಳ್ಳಿ. ವಾದವನ್ನು ದುರ್ಬಲಗೊಳಿಸುವುದು ಯಾವುದು? ದೂರು ಕೊಡುವ ಜಾಗ ಆ್ಯಪ್‌ನಲ್ಲಿ ಬಹಳ ಜನರಿಗೆ ಸಿಗಲೇ ಇಲ್ಲ ಎಂಬುದು ಸರಿಯುತ್ತರ. ಕಳಪೆ ಗೈಡ್‌ನಲ್ಲಿ ಉಳಿದ ಆಪ್ಷನ್‌ಗಳು "ಆ್ಯಪ್‌ನ ಬಣ್ಣ ನೀಲಿ" ಎಂಬ ಧಾಟಿಯವು, ಕಣ್ಣುಮುಚ್ಚಿ ಹೊಡೆದುಹಾಕಬಹುದು. ಒಳ್ಳೆಯ ಪ್ರಶ್ನೆಯಲ್ಲಿ ಹಾಗಿರುವುದಿಲ್ಲ. "ಕಂಪನಿ ಅದೇ ಸಮಯದಲ್ಲಿ ಸಿಬ್ಬಂದಿಗೆ ಹೊಸ ತರಬೇತಿ ಕೊಟ್ಟಿತ್ತು" ಎಂಬ ಆಪ್ಷನ್ ಇರುತ್ತದೆ. ಇದು ವಾದಕ್ಕೆ ಬಲ ಕೊಡುತ್ತದೆ, ಆದರೆ ಅವಸರದಲ್ಲಿ ಓದಿದವರಿಗೆ "ಇಳಿಕೆಗೆ ಬೇರೆ ಕಾರಣ ಸಿಕ್ಕಿತು" ಎನಿಸಿ ಸರಿಯಾಗೇ ಕಾಣುತ್ತದೆ. "ಕೆಲವು ಗ್ರಾಹಕರು ಫೋನ್‌ನಲ್ಲಿ ಮಾತಾಡಲು ಇಷ್ಟಪಡುತ್ತಾರೆ" ಎಂಬುದೂ ಇರುತ್ತದೆ, ಮತ್ತು ಅದನ್ನು ತಳ್ಳಿಹಾಕಲು ಯೋಚನೆ ಬೇಕು. ಜಿಮ್ಯಾಟ್ ವರ್ಬಲ್‌ನ ಕಷ್ಟವೆಲ್ಲ ಹೀಗೆ ಕೊನೆಗೆ ಉಳಿಯುವ ಎರಡು ಆಪ್ಷನ್‌ಗಳ ನಡುವೆ ಇದೆ. ಸುಲಭದ ತಪ್ಪು ಆಪ್ಷನ್‌ಗಳಲ್ಲಿ ಎಷ್ಟೇ ಅಭ್ಯಾಸ ಮಾಡಿದರೂ ಈ ಕಣ್ಣು ಬೆಳೆಯುವುದಿಲ್ಲ.

ಅಧಿಕೃತ ಗೈಡ್ ಇಲ್ಲಿಯೇ ಗೆಲ್ಲುತ್ತದೆ. ಅದರಲ್ಲಿರುವುದು ನಿಜವಾದ ಪರೀಕ್ಷೆಯಲ್ಲಿ ಬಳಸಿ ಕೈಬಿಟ್ಟ ಪ್ರಶ್ನೆಗಳು, ಹಾಗಾಗಿ ತಪ್ಪು ಆಪ್ಷನ್‌ಗಳಿಗೂ ಅದೇ ನಯ ಇದೆ. ವರ್ಬಲ್ ವಿವರಣೆಯಲ್ಲಿ ಐದೂ ಆಪ್ಷನ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು ಮಾತಾಡುತ್ತದೆ. ನಾನು ಸರಿಯುತ್ತರ ಕೊಟ್ಟ ಪ್ರಶ್ನೆಗಳ ವಿವರಣೆಯನ್ನೂ ಬಿಡದೆ ಓದುತ್ತಿದ್ದೆ, ಅದರಿಂದಲೇ ಹೆಚ್ಚು ಕಲಿತದ್ದು. ಕ್ವಾಂಟ್ ವಿವರಣೆಗಳು ಬಹುಪಾಲು ಸಮೀಕರಣ ಬರೆದು ಹಂತಹಂತವಾಗಿ ಬಿಡಿಸುವ ಶಾಲೆಯ ದಾರಿಯವು. ತರ್ಕ ಗಟ್ಟಿಯಾಗುತ್ತದೆ, ಆದರೆ ಒಂದು ಪ್ರಶ್ನೆಗೆ ಎರಡು ನಿಮಿಷಕ್ಕಿಂತ ತುಸು ಹೆಚ್ಚಷ್ಟೇ ಸಮಯ ಸಿಗುವ ಕಡೆ, ಆಪ್ಷನ್‌ಗಳನ್ನೇ ಹಾಕಿ ನೋಡುವುದು, ಅಂದಾಜು ಕಟ್ಟುವುದು, ಇಂಥ ಚುರುಕು ದಾರಿಗಳನ್ನು ಬೇರೆ ಪುಸ್ತಕದಿಂದ ಕಲಿಯಬೇಕಾಗುತ್ತದೆ. ಗಣಿತ ಬಿಟ್ಟು ವರ್ಷಗಳಾದವರು ಈ ಪುಸ್ತಕ ಒಂದನ್ನೇ ಹಿಡಿದು ಕೂರಬಾರದು ಎಂದು ನಾನು ಹೇಳುವುದು ಅದಕ್ಕೇ.

ಇದನ್ನು ಬಳಸುವವರಿಗೆ ಒಂದು ಮಾತು. ಪ್ರಶ್ನೆಗಳು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡವಾಗಿರುತ್ತವೆ. ಮೊದಲ ಸುತ್ತಿಗೆ ಅದು ಒಳ್ಳೆಯದು. ಆಮೇಲೂ ಅದೇ ಸಾಲಿನಲ್ಲಿ ಹೋದರೆ ಪ್ರಶ್ನೆ ಓದುವ ಮೊದಲೇ "ಇದು ಕಠಿಣದ್ದು, ಏನೋ ಬಲೆ ಇದೆ" ಎಂದು ಗೊತ್ತಾಗಿರುತ್ತದೆ. ಪರೀಕ್ಷೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಪುಸ್ತಕದ ಜೊತೆ ಬರುವ ಆನ್‌ಲೈನ್ ಪ್ರಶ್ನೆ ಬ್ಯಾಂಕ್‌ನಲ್ಲಿ ಬೆರಕೆ ಸೆಟ್ ಮಾಡಿಕೊಳ್ಳಬಹುದು. ಎರಡನೇ ಸುತ್ತಿನಿಂದ ನಾವು ಅದನ್ನೇ ಬಳಸಿದೆವು.

ಎಲ್ಲವನ್ನೂ ಒಂದರಲ್ಲೇ ತುಂಬಿದ ದಪ್ಪ ಪುಸ್ತಕದ ಬಗ್ಗೆ ನನಗೆ ಬೇಸರವಿದೆ. ನಾನು ಕೊಂಡದ್ದರ ಹೆಸರು ಬೇಡ. ಪರೀಕ್ಷೆ ಬದಲಾದ ಮೇಲೆ ಬಂದ ಆವೃತ್ತಿ ಅದು. ಸೆಂಟೆನ್ಸ್ ಕರೆಕ್ಷನ್ ತೆಗೆದಿದ್ದರು, ಸರಿ. ಆದರೆ ಡೇಟಾ ಇನ್‌ಸೈಟ್ಸ್ ಎಂಬ ಮೂರನೇ ಒಂದು ಭಾಗದ ಪರೀಕ್ಷೆಗೆ ಕೊನೆಯಲ್ಲಿ ತೆಳುವಾದ ಒಂದು ಅಧ್ಯಾಯ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹಳೆ ಡೇಟಾ ಸಫಿಷಿಯೆನ್ಸಿ. ಒಟ್ಟು ಅಂಕದಲ್ಲಿ ಮೂರೂ ವಿಭಾಗಕ್ಕೆ ಸಮಾನ ತೂಕ ಇರುವಾಗ ಇದು ಓದುಗರಿಗೆ ಮಾಡುವ ಅನ್ಯಾಯ. ಕೊಳ್ಳುವ ಮುನ್ನ ಪರಿವಿಡಿಯಲ್ಲಿ ಆ ಅಧ್ಯಾಯಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ ನೋಡಿ. ಕೊನೆಯಲ್ಲಿ "ಇಷ್ಟು ಸರಿಯಾದರೆ ಇಷ್ಟು ಅಂಕ" ಎಂಬ ಪಟ್ಟಿ ಇದ್ದರೆ ಅದನ್ನೂ ನಂಬಬೇಡಿ. ನೀವು ಉತ್ತರಿಸಿದಂತೆ ಮುಂದಿನ ಪ್ರಶ್ನೆಯ ಕಷ್ಟ ಬದಲಾಗುವ ಪರೀಕ್ಷೆ ಇದು, ಎಷ್ಟು ಸರಿ ಎಂಬುದರ ಜೊತೆ ಯಾವುದು ಸರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಗದದ ಮೇಲೆ ಅದನ್ನು ಎಣಿಸಲು ಆಗುವುದಿಲ್ಲ.

ವಿಷಯವಾರು ಸೆಟ್‌ಗಳು ಹಾಗಲ್ಲ. ಸಂಖ್ಯೆಗಳ ಗುಣ, ಶೇಕಡಾವಾರು ಮತ್ತು ಅನುಪಾತ, ಬೀಜಗಣಿತ, ಹೀಗೆ ಒಂದೊಂದಕ್ಕೆ ಒಂದೊಂದು ಪುಸ್ತಕ. ಬುಡದಿಂದ ಕಲಿಸುತ್ತವೆ. ಇಡೀ ಸೆಟ್ ಬೇಕಿಲ್ಲ. ಮೊದಲು ಒಂದು ಉಚಿತ ಅಧಿಕೃತ ಮಾಕ್ (ಅಣಕು ಪರೀಕ್ಷೆ) ಬರೆದು ಎಲ್ಲಿ ಸೋರುತ್ತಿದೆ ಎಂದು ನೋಡಿ, ಆ ವಿಷಯದ್ದಷ್ಟೇ ತೆಗೆದುಕೊಳ್ಳಿ. ತಂಗಿಗೆ ಅನುಪಾತ ಕಷ್ಟವಾಗುತ್ತಿತ್ತು. ಆ ಒಂದು ತೆಳ್ಳನೆ ಪುಸ್ತಕ ಅವಳಿಗೆ ಮಾಡಿದ ಉಪಕಾರವನ್ನು ದಪ್ಪ ಪುಸ್ತಕ ಮಾಡಲಿಲ್ಲ.

ಬರೀ ಪ್ರಶ್ನೆಗಳ ಸಂಗ್ರಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಬದಿಯಲ್ಲಿ ಉತ್ತರದ ಅಕ್ಷರಗಳಷ್ಟೇ ಇರುವ ಪುಸ್ತಕಕ್ಕೆ ಹಣ ಹಾಕಬೇಡಿ.

ಡೇಟಾ ಇನ್‌ಸೈಟ್ಸ್ ಒಂದನ್ನು ಮಾತ್ರ ಯಾವ ಪುಸ್ತಕದಿಂದಲೂ ಪೂರ್ತಿ ಕಲಿಯಲು ಆಗದು. ಟೇಬಲ್ ಅನಾಲಿಸಿಸ್‌ನಲ್ಲಿ ಪರದೆಯ ಮೇಲಿನ ಕೋಷ್ಟಕವನ್ನು ಬೇಕಾದ ಕಾಲಂನಿಂದ ಜೋಡಿಸಿಕೊಳ್ಳಬೇಕು. ಮಲ್ಟಿ ಸೋರ್ಸ್ ರೀಸನಿಂಗ್‌ನಲ್ಲಿ ಟ್ಯಾಬ್‌ಗಳ ನಡುವೆ ಓಡಾಡಬೇಕು. ಕ್ಯಾಲ್ಕ್ಯುಲೇಟರ್ ಈ ವಿಭಾಗದಲ್ಲಿ ಮಾತ್ರ ಸಿಗುತ್ತದೆ, ಅದೂ ಪರದೆಯ ಮೇಲೆ. ಒಂದೇ ಪ್ರಶ್ನೆಯಲ್ಲಿ ಎರಡು ಮೂರು ಭಾಗಗಳಿದ್ದರೆ ಎಲ್ಲವೂ ಸರಿಯಾಗಬೇಕು, ಅರ್ಧ ಅಂಕ ಇಲ್ಲ. ಅಚ್ಚಾದ ಪುಟದಲ್ಲಿ ಕೋಷ್ಟಕ ಸುಮ್ಮನೆ ಕೂತಿರುತ್ತದೆ, ಯಾವ ಕಾಲಂನಿಂದ ಜೋಡಿಸಿದರೆ ಉತ್ತರ ಬೇಗ ಕಾಣುತ್ತದೆ ಎಂಬ ಅಸಲಿ ಕೌಶಲವೇ ಅಲ್ಲಿ ಬೇಕಾಗುವುದಿಲ್ಲ. ಇದಕ್ಕೆ ಪುಸ್ತಕಕ್ಕಿಂತ ಆನ್‌ಲೈನ್ ಅಭ್ಯಾಸವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಕ್ ಟೆಸ್ಟ್‌ಗಳಲ್ಲಿ ಜಿಮ್ಯಾಕ್‌ನದೇ ಆರು ಇವೆ, ಮೊದಲ ಎರಡು ಉಚಿತ. ಅಂಕ ಕೊಡುವ ಲೆಕ್ಕಾಚಾರ ನಿಜವಾದ ಪರೀಕ್ಷೆಯದೇ. ವಿಭಾಗ ಮುಗಿದ ಮೇಲೆ ಹಿಂದಕ್ಕೆ ಹೋಗಿ ಮೂರು ಉತ್ತರಗಳವರೆಗೆ ಬದಲಿಸಬಹುದಾದ ಹೊಸ ಸೌಲಭ್ಯವನ್ನು ಪಳಗಿಸಿಕೊಳ್ಳಲು ಇವೇ ಬೇಕು. ಆದರೆ ಅದಕ್ಕೆ ಸಮಯ ಉಳಿದಿರಬೇಕು. ಪ್ರಶ್ನೆಗಳನ್ನು ಬಾಕಿ ಬಿಟ್ಟರೆ ಅಂಕ ಕಡಿತ ಇದೆ, ಆದ್ದರಿಂದ ಮೊದಲು ಮುಗಿಸುವುದು, ಆಮೇಲೆ ತಿದ್ದುವುದು. ಬೇರೆಯವರ ಮಾಕ್‌ಗಳನ್ನು ಕೂತು ಬರೆಯುವ ಅಭ್ಯಾಸಕ್ಕೆ ಬಳಸಿ, ಅವು ತೋರಿಸುವ ಅಂಕಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಒಟ್ಟು ಖರೀದಿ ಹೀಗಿದ್ದರೆ ಸಾಕು: ಈಗಿನ ಅಧಿಕೃತ ಗೈಡ್, ನಿಮ್ಮ ದುರ್ಬಲ ವಿಷಯಕ್ಕೆ ಒಂದೋ ಎರಡೋ ತೆಳ್ಳನೆ ಪುಸ್ತಕ, ಅಧಿಕೃತ ಮಾಕ್‌ಗಳು. ಗಣಿತ ಚೆನ್ನಾಗಿ ಬರುವವರು ತೆಳ್ಳನೆ ಪುಸ್ತಕವನ್ನೂ ಬಿಡಬಹುದು. ಗೈಡ್ ಮುಗಿಯಿತು ಎಂದು ಇನ್ನೊಂದು ಕೊಳ್ಳುವ ಮೊದಲು, ತಪ್ಪಾದ ಪ್ರಶ್ನೆಗಳ ಪಟ್ಟಿಗೆ ಮರಳಿ. ಪ್ರತಿಯೊಂದರ ಪಕ್ಕ ನೀವು ಒತ್ತಿದ ಆಪ್ಷನ್ ಏಕೆ ಆಕರ್ಷಕವಾಗಿ ಕಂಡಿತು ಎಂದು ಒಂದು ಸಾಲು ಬರೆಯಿರಿ. ಅದನ್ನು ಪುಸ್ತಕ ನೋಡದೆ ಬರೆಯಲು ಆಗುತ್ತಿಲ್ಲ ಎಂದಾದರೆ, ಕೈಯಲ್ಲಿರುವ ಗೈಡ್ ಇನ್ನೂ ಮುಗಿದಿಲ್ಲ.