ಅಗ್ವಾಡ ಕೋಟೆಯಲ್ಲಿ ಕನ್ನಡ ಮಾತಾಡುವ 'ಗೈಡ್' ಸಿಕ್ಕರೆ ಹುಷಾರು

ಗೋವಾದ ವಾಸ್ಕೋದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆದರೂ ಮೋಸ ಹೋದೆ. ಆತ ಕನ್ನಡ ಮಾತಾಡಿದ, ಅಷ್ಟೇ ಸಾಕಾಯ್ತು.

ಕಳೆದ ಗುರುವಾರ ಗದಗಿನಿಂದ ಬಂದಿದ್ದ ಸೋದರಮಾವನ ಜೊತೆ ನಾವು ನಾಲ್ಕು ಜನ ಅಗ್ವಾಡಕ್ಕೆ ಹೋಗಿದ್ದೆವು. ಮಾವ ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಬೀಚ್ ಬೇಡ, ಕದಂಬರ ಕಾಲದ ವೀರಗಲ್ಲು ತೋರಿಸು ಅಂತ ಹಟ.

ಮೇಲಿನ ಕೋಟೆಯ ಗೇಟಿನಲ್ಲೇ ಒಬ್ಬ ಅಡ್ಡ ಬಂದ. "ಬರ್ರಿ ಅಣ್ಣಾರ, ಯಾವೂರು?" ಕೊರಳಲ್ಲಿ ಕಾರ್ಡು. ಅದರಲ್ಲಿದ್ದ ಹೆಸರು ಅಳಿಸಿಹೋಗಿದ್ದನ್ನು ಆಗಲೇ ನೋಡಬೇಕಿತ್ತು. ವೀರಗಲ್ಲು ಅಂದಿದ್ದೇ ತಡ, "ಎಲ್ಲಾ ಕೆಳಗ ಮ್ಯೂಸಿಯಂನಾಗ ಅದಾವ್ರಿ. ಟಿಕೆಟ್ ಸೇರಿ ಸಾವಿರದ ಇನ್ನೂರು ಕೊಡ್ರಿ" ಅಂದ. ನಮ್ಮವನಲ್ವಾ ಅಂತ ಚೌಕಾಶಿನೂ ಮಾಡದೆ ಕೊಟ್ಟೆ.

ಒಳಗೆ ನೆಲದಡಿ, ಕಂಬಗಳು ಚಾವಣಿ ಹೊತ್ತಿರುವ ದೊಡ್ಡ ನೀರಿನ ತೊಟ್ಟಿ ಇದೆ. ಅದನ್ನು ತೋರಿಸಿ ಕೈದಿಗಳ ಜೈಲು ಅಂದುಬಿಟ್ಟ! ಮಾವನಿಗೆ ತಡೆಯಲಾಗಲಿಲ್ಲ. "ತಮ್ಮಾ, ಪೋರ್ಚುಗೀಸರು 1612ರಾಗ ಕಟ್ಟಿದ್ದು ಇದು. ಹಡಗಿನವರು ಸಿಹಿನೀರು ತುಂಬಿಕೊಳ್ಳಾಕ ಇಲ್ಲೇ ಬರ್ತಿದ್ರು. ಅಗ್ವಾಡ ಅನ್ನೋ ಹೆಸರೇ ನೀರಿಂದ ಬಂದದ್ದು" ಅಂದರು. "ಎರಡೂ ಆಗಿತ್ರಿ ಸರ್" ಅಂದ ಪುಣ್ಯಾತ್ಮ.

ಆಮೇಲೆ ಅವನಿಗೊಂದು ಫೋನ್ ಬಂತು. ಚೀಟಿ ಕೈಗಿಟ್ಟು, ಕೆಳಗೆ ತೋರಿಸ್ರಿ ಅಂತ ಹೇಳಿ ಮಾಯ. ಕಿರಾಣಿ ಅಂಗಡಿ ಬಿಲ್ ಬುಕ್ಕಿನ ಹಾಳೆ ಅದು, ಪೆನ್ನಲ್ಲಿ '4 + ಮ್ಯೂಸಿಯಂ' ಅಂತ ಗೀಚಿತ್ತು. ಕೆಳಗಿನ ಕೋಟೆಗೆ ದಾರಿಯೇ ಬೇರೆ, ಟಿಕೆಟ್ಟೂ ಬೇರೆ. ಕೌಂಟರಿನ ಹುಡುಗಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. ಮತ್ತೆ ದುಡ್ಡು ಕೊಟ್ಟು ಒಳಗೆ ಹೋದೆವು.

ನಿಜವಾದ ಜೈಲು ಇದೇ. 2015ರವರೆಗೂ ಇಲ್ಲಿ ಕೈದಿಗಳಿದ್ದರು, 2021ರಲ್ಲಿ ಮ್ಯೂಸಿಯಂ ಆಯ್ತು. ಪೋರ್ಚುಗೀಸರ ವಿರುದ್ಧ ಹೋರಾಡಿದ ರಾಮಮನೋಹರ ಲೋಹಿಯಾ, ಟಿ.ಬಿ. ಕುನ್ಹಾ ಅವರನ್ನೆಲ್ಲ ಕೂಡಿಹಾಕಿದ್ದ ಜಾಗ. ಸುಮ್ನೆ ಹೇಳಬಾರದು, ನೋಡೋ ಹಾಗಿದೆ. ಆದರೆ ಇರೋದೆಲ್ಲ ಗೋವಾ ವಿಮೋಚನೆಯ ಕಥೆ. ವೀರಗಲ್ಲು ಒಂದೂ ಇಲ್ಲ.

ಗೈಡ್ ಬೇಕೇ ಬೇಕಿದ್ದರೆ ಕಾರ್ಡು ಕೈಗೆ ತಗೊಂಡು ಓದಿ. ಟಿಕೆಟ್ಟಿಗೆ ದುಡ್ಡು ಕೌಂಟರಿನಲ್ಲಿ ಮಾತ್ರ ಕೊಡಿ. ವೀರಗಲ್ಲು ನೋಡಬೇಕಾದರೆ ಹಳೇ ಗೋವಾಕ್ಕೆ ಹೋಗಿ, ಸೇಂಟ್ ಫ್ರಾನ್ಸಿಸ್ ಆಫ್ ಅಸ್ಸಿಸಿ ಚರ್ಚಿನ ಪಕ್ಕದ ಪುರಾತತ್ವ ಇಲಾಖೆ ಮ್ಯೂಸಿಯಂನಲ್ಲಿವೆ. ಶುಕ್ರವಾರ ರಜೆ.

ಮಾವನ ರೈಲು ಶುಕ್ರವಾರವೇ ಇತ್ತು.