ದೊಡ್ಡಪ್ಪನ ರೈಲಿಗೆ ಹೊಸ ಹಳಿ: ಪೆಕೊ ಸೆಟ್‌ಟ್ರ್ಯಾಕ್ ಕೋಡ್ 100

ಮನೆಯಲ್ಲಿ ಹಳೆಯ ಟ್ರೈ-ಆಂಗ್ ಹಾರ್ನ್‌ಬಿ ಕಂಪನಿಯ ಆಟಿಕೆ ರೈಲು ಇದ್ದು, ಅದನ್ನು ಮತ್ತೆ ಓಡಿಸಬೇಕು ಅಂತ ಆಸೆ ಇದ್ದರೆ ಹೊಸ ಇಂಜಿನ್‌ಗೆ ದುಡ್ಡು ಹಾಕಬೇಡಿ. ಮೊದಲು ಹಳಿ ಬದಲಾಯಿಸಿ.

ನಮ್ಮದು ದೊಡ್ಡಪ್ಪ 1971ರಲ್ಲಿ ಇಂಗ್ಲೆಂಡಿನಿಂದ ತಂದ ಸೆಟ್. ಮೈಸೂರಿನ ಮನೆಯ ಅಟ್ಟದಲ್ಲಿ 6 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ಮೇಲೆ ಅವರೇ ಹಳಿ ಜೋಡಿಸಿ, ರಟ್ಟಿನಲ್ಲಿ ಸ್ಟೇಷನ್ ಕಟ್ಟಿ, ಹಿಂದಿನ ಹಲಗೆಗೆ ಚಾಮುಂಡಿ ಬೆಟ್ಟದ ಚಿತ್ರ ಬರೆದಿದ್ದರು. ದಸರಾ ರಜೆಯಲ್ಲಿ ಮಕ್ಕಳೆಲ್ಲ ಸರದಿ ಹಿಡಿದು ಓಡಿಸುತ್ತಿದ್ದೆವು. ಅವರು ಹೋದ ಮೇಲೆ ಇಪ್ಪತ್ತು ವರ್ಷ ಯಾರೂ ಮುಟ್ಟಲಿಲ್ಲ. ಹೋದ ವರ್ಷ ಕೆಳಗಿಳಿಸಿದರೆ ಪ್ಲೈವುಡ್‌ಗೆ ಗೆದ್ದಲು ಹಿಡಿದಿತ್ತು, ಉಕ್ಕಿನ ಹಳಿ ಪೂರ್ತಿ ತುಕ್ಕು.

ಉಪ್ಪುಕಾಗದ ಹಾಕಿ ಉಜ್ಜಿದೆ. ಎರಡು ದಿನ ಚೆನ್ನಾಗಿತ್ತು, ಮಳೆ ಶುರುವಾದ ವಾರದಲ್ಲೇ ಮತ್ತೆ ಕೆಂಪಾಯಿತು. ಇಂಜಿನ್‌ಗೆ ಕರೆಂಟ್ ಬರುವುದೇ ಹಳಿಯಿಂದ ಚಕ್ರದ ಮೂಲಕ ಅಲ್ವಾ, ತುಕ್ಕಿದ್ದ ಕಡೆಯೆಲ್ಲ ನಿಂತುಬಿಡುತ್ತಿತ್ತು. ಅದಕ್ಕೇ ಪೆಕೊ ಕಂಪನಿಯ ಸೆಟ್‌ಟ್ರ್ಯಾಕ್, ಅಂದರೆ ಸಿದ್ಧ ಅಳತೆಯ ತುಂಡುಗಳಲ್ಲಿ ಬರುವ ಹಳಿ, ತರಿಸಿದೆ. ಈ ಹಳಿ ನಿಕಲ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದ್ದರೂ ಒಳಗಿರುವುದು ತಾಮ್ರ, ನಿಕಲ್, ಸತು. ಇದಕ್ಕೆ ತುಕ್ಕು ಹಿಡಿಯಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅಳತೆ. ನೇರ ತುಂಡು 168 ಮಿಲಿಮೀಟರ್, ಎರಡನೇ ಅಳತೆಯ ತಿರುವಿನ ತ್ರಿಜ್ಯ 438 ಮಿಲಿಮೀಟರ್, ಎರಡೂ ಹಳೆಯ ಹಾರ್ನ್‌ಬಿ ಅಳತೆಯೇ. ಹಳೇ ಹಲಗೆಯಲ್ಲಿ ದೊಡ್ಡಪ್ಪ ಪೆನ್ಸಿಲ್‌ನಲ್ಲಿ ಎಳೆದಿದ್ದ ಗೆರೆಗಳನ್ನು ದೊಡ್ಡ ಹಾಳೆಗೆ ಇಳಿಸಿಕೊಂಡು, ಹೊಸ ಪ್ಲೈವುಡ್ ಮೇಲೆ ಹಾಸಿ ಹಳಿ ಇಟ್ಟೆ. ಒಂದೊಂದು ತುಂಡೂ ಅವರ ಗೆರೆಯ ಮೇಲೇ ಕೂತಿತು. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಕೊಳ್ಳುವಾಗ ಕೋಡ್ 100 ಅಂತ ನೋಡಿಕೊಳ್ಳಿ. ಅಂದರೆ ಹಳಿಯ ಎತ್ತರ 2.54 ಮಿಲಿಮೀಟರ್. ಕೋಡ್ 75 ಇದಕ್ಕಿಂತ ಗಿಡ್ಡ, ನೋಡಲು ಇನ್ನೂ ನೈಜವಾಗಿರುತ್ತದೆ, ಆದರೆ ಹಳೆಯ ಚಕ್ರಗಳ ಅಂಚು ದಪ್ಪ, ಆಳ ಜಾಸ್ತಿ, ಹಳಿಯನ್ನು ಸ್ಲೀಪರ್‌ಗೆ (ಕೆಳಗಿನ ಅಡ್ಡಪಟ್ಟಿಗೆ) ಹಿಡಿದಿಡುವ ಹಿಡಿಗಳಿಗೆ ತಾಗಿ ಕುಲುಕುತ್ತವೆ. ಪಾಯಿಂಟ್‌ನಲ್ಲಿ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ತುಂಡಿನಲ್ಲಿ, ಹಳಿ ಕೂಡುವ ಮೂಲೆ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಕರೆಂಟ್ ಇಲ್ಲ. ಪುಟ್ಟ ಇಂಜಿನ್ ತೀರಾ ನಿಧಾನಕ್ಕೆ ಬಂದರೆ ನಿಲ್ಲಬಹುದು, ಚಕ್ರ ಚೊಕ್ಕಟವಾಗಿರಬೇಕು. ತುಂಡು ಜೋಡಿಸುವ ಫಿಶ್‌ಪ್ಲೇಟ್ ನಂಬಿಕೊಂಡು ಕರೆಂಟ್ ಬಿಡಬೇಡಿ, ಅಲ್ಲಲ್ಲಿ ವೈರ್ ಸಾಲ್ಡರ್ ಮಾಡಿ.

ಬೆಲೆ ಕಡಿಮೆಯೇನಲ್ಲ. ಹೊರದೇಶದಿಂದ ತರಿಸಿದ್ದಕ್ಕೆ ಸುಂಕ ಬೇರೆ, ನಾನು ಕೊಂಡ ಅಂಗಡಿಯವರು ಒಂದು ಪಾಯಿಂಟ್ ಕಡಿಮೆ ಕಳಿಸಿ ಆರು ವಾರ ಸತಾಯಿಸಿದರು. ಪೆಟ್ಟಿಗೆ ಬಿಚ್ಚುವಾಗಲೇ ಎಣಿಸಿ.

ಇಂಜಿನ್ ಅದೇ ಹಳೇ ಜಿಂಟಿ, ಪುಟ್ಟ ಉಗಿ ಇಂಜಿನ್‌ನ ಮಾದರಿ. ಮೋಟರ್‌ಗೆ ಕರೆಂಟ್ ಮುಟ್ಟಿಸುವ ಬ್ರಷ್ ಒರೆಸಿ ಒಂದು ಹನಿ ಎಣ್ಣೆ ಬಿಟ್ಟೆ ಅಷ್ಟೇ. ಮೋಟರ್‌ನ ಅಯಸ್ಕಾಂತ ಮಾತ್ರ ದಯವಿಟ್ಟು ತೆಗೆಯಬೇಡಿ, ತೆಗೆದರೆ ಅದರ ಶಕ್ತಿ ಇಳಿಯುತ್ತದೆ. ಹಳೇ ಕಂಟ್ರೋಲರ್ ವೈರ್ ಬಗ್ಗಿಸಿದರೆ ಬಿರಿಯುತ್ತಿತ್ತು, 230 ವೋಲ್ಟ್ ಜೊತೆ ಆಟ ಬೇಡ ಅಂತ ಹೊಸ 12 ವೋಲ್ಟಿನದು ಹಾಕಿದೆ. ಡಿಜಿಟಲ್ ಮಾಡಲಿಲ್ಲ, ಅಂದರೆ ಇಂಜಿನ್ ಒಳಗೆ ಚಿಪ್ ಇಟ್ಟು ಓಡಿಸುವ ಪದ್ಧತಿಗೆ ಹೋಗಲಿಲ್ಲ. ಈ ಮೋಟರ್‌ನ ಒಂದು ಬ್ರಷ್ ಚಾಸಿಗೇ ಸೇರಿರುತ್ತದೆ, ಬೇರ್ಪಡಿಸದೆ ಚಿಪ್ ಹಾಕಿದರೆ ಸುಟ್ಟುಹೋಗುತ್ತದೆ.

ಈಗ ಒಂದು ಮಳೆಗಾಲ ಕಳೆದಿದೆ. ತಿಂಗಳಿಗೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತೇನೆ, ರೈಲು ಎಲ್ಲೂ ನಿಲ್ಲದೆ ಸುತ್ತುತ್ತದೆ. ಬೆಟ್ಟದ ಚಿತ್ರದ ಹಲಗೆಗೆ ಗೆದ್ದಲು ತಾಗಿರಲಿಲ್ಲ, ಅದನ್ನು ಹಾಗೇ ಹಿಂದೆ ನಿಲ್ಲಿಸಿದ್ದೇನೆ.